ವೈಫೈ ಫುಲ್, ನೆಟ್ ಮಾತ್ರ ಸ್ಲೋ
ನಮ್ಮನೇಲಿ 10 ಎಂಬಿಪಿಎಸ್ ಲೈನು, ಫೋನು ಐದು. ಎಂಬಿಪಿಎಸ್ ಅಂದ್ರೆ ಮೆಗಾಬಿಟ್. 8ರಿಂದ ಭಾಗಿಸಿ: ಸೆಕೆಂಡಿಗೆ ಹೆಚ್ಚಂದ್ರೆ 1.25 ಎಂಬಿ. (ನಾನು ಬಿಕಾಂ, ಲೆಕ್ಕ ಬಿಡಲ್ಲ.)

ತಂಗಿಯ ಆನ್‌ಲೈನ್ ಇಂಟರ್‌ವ್ಯೂ ನಡುವೆ ಕಾಲ್ ಕಟ್ ಆದ್ರೆ ಎಲ್ಲರೂ ಬೈಯೋದು ಮ್ಯಾಚ್ ನೋಡೋ ಅಪ್ಪನನ್ನ. ಆದರೆ ಅಮ್ಮನ ಫೋನಲ್ಲಿ ಮದುವೆ ವಿಡಿಯೊ ಸದ್ದಿಲ್ಲದೆ ಬ್ಯಾಕಪ್ ಆಗ್ತಿರಬಹುದು. ಅಪ್‌ಲೋಡ್ ದಾರಿ ತುಂಬಿದ್ರೆ ತಂಗಿಯ ಮಾತು ರೌಟರ್‌ನಲ್ಲೇ ಕ್ಯೂ ನಿಲ್ಲುತ್ತೆ. ಡೌನ್‌ಲೋಡೂ ನಿಧಾನವಾಗುತ್ತೆ, ಯಾಕಂದ್ರೆ ‘ಡೇಟಾ ಸಿಕ್ತು’ ಅನ್ನೋ ರಸೀದಿ ಅದೇ ದಾರೀಲಿ ವಾಪಸ್ ಹೋಗಬೇಕು.

ರಿಪೀಟರ್ ತಂದ್ರೆ ಸಿಗ್ನಲ್ ಕಡ್ಡಿ ಹೆಚ್ಚುತ್ತೆ, ಲೈನಿನ ವೇಗ ಅಲ್ಲ. ಇಂಟರ್‌ವ್ಯೂ ಮುಗಿಯೋವರೆಗೆ ಬ್ಯಾಕಪ್ ನಿಲ್ಲಿಸಿ, ಮ್ಯಾಚನ್ನು 360ಪಿಗೆ ಇಳಿಸಿ. ರೌಟರ್ ಸೆಟ್ಟಿಂಗ್‌ನಲ್ಲಿ ಕ್ಯೂಒಎಸ್ ಇದ್ರೆ ತಂಗಿಯ ಲ್ಯಾಪ್‌ಟಾಪಿಗೆ ಮೊದಲ ಸ್ಥಾನ ಕೊಡಿ.