ನಡುಕಡಲಲ್ಲಿ ಬೋಟು ಕೆಟ್ಟರೆ...

ಬಸ್ಸು ಕೆಟ್ಟರೆ ಇಳಿದು ತಳ್ಳುತ್ತೇವೆ, ಕಂಡಕ್ಟರನಿಗೆ ನಾಲ್ಕು ಮಾತು ಅಂದು ಹಿಂದಿನ ಬಸ್ಸು ಹತ್ತುತ್ತೇವೆ. ಬೋಟು ಕೆಟ್ಟರೆ ಇಳಿಯುವುದೆಲ್ಲಿಗೆ ಸ್ವಾಮಿ?

ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪ ಸುಮಾರು 6 ಕಿಲೋಮೀಟರು. ಒಂದು ಭಾನುವಾರ ನಮ್ಮ ಪೇಟೆಯ ಇಪ್ಪತ್ತು ಮಂದಿ ಸೇರಿ ಇಡೀ ಬೋಟನ್ನೇ ಬಾಡಿಗೆಗೆ ಗೊತ್ತು ಮಾಡಿಕೊಂಡು ಹೋಗಿದ್ದೆವು. ಸಂಜೆ ವಾಪಸು ಬರುವಾಗ ಅರ್ಧ ದಾರಿಯಲ್ಲಿ ಎಂಜಿನ್ ಒಮ್ಮೆ ನರಳಿ ನಿಂತೇ ಹೋಯಿತು. ಫ್ಯಾನಿಗೆ ಯಾರೋ ಬಿಸಾಡಿದ ಹಳೆ ಬಲೆ ಸುತ್ತಿಕೊಂಡಿತ್ತು. ಏನಾಯ್ತು ಎಂದು ನೋಡಲು ನಾವೆಲ್ಲ ಎದ್ದು ಒಂದೇ ಬದಿಗೆ ನುಗ್ಗಿದೆವು. ಬೋಟು ವಾಲಿತು. ತಾಂಡೇಲರು ಗದರಿದರು:

"ಕೂತ್ಕೊಳ್ಳಿ ಮಾರಾಯ್ರೆ! ಎಂಜಿನ್ ನಿಂತದ್ದಕ್ಕೆ ಬೋಟು ಮುಳುಗುದಿಲ್ಲ, ನೀವು ನಿಂತ್ರೆ ಮುಳುಗ್ತದೆ!"

ಮೊದಲು ಅವರು ಮಾಡಿಸಿದ ಕೆಲಸ ರಿಪೇರಿಯಲ್ಲ, ಲಂಗರು ಹಾಕಿಸಿದ್ದು. ಮಧ್ಯಾಹ್ನದ ಮೇಲೆ ಗಾಳಿ ಕಡಲಿಂದ ದಡಕ್ಕೆ ಬೀಸುತ್ತದೆ. ಎಂಜಿನ್ ಇಲ್ಲದ ಬೋಟನ್ನು ಅದು ಬಂಡೆಯತ್ತಲೋ ತೆರೆ ಒಡೆಯುವ ಜಾಗಕ್ಕೋ ನೂಕುತ್ತದೆ. ಅಡ್ಡಕ್ಕೆ ತಿರುಗಿದರೆ ತೆರೆ ಪಕ್ಕಕ್ಕೇ ಬಡಿಯುತ್ತದೆ. ಮೂತಿಯಿಂದ ಲಂಗರು ಬಿಟ್ಟರೆ ಬೋಟು ತೆರೆಗೆ ಮುಖ ಕೊಟ್ಟು ನಿಲ್ಲುತ್ತದೆ. ಹಗ್ಗ ಮಾತ್ರ ಧಾರಾಳವಾಗಿರಬೇಕು, ನೀರಿನ ಆಳದ ಐದು ಪಟ್ಟಾದರೂ. ಗಿಡ್ಡ ಹಗ್ಗದ ಲಂಗರು ಮರಳಿನಲ್ಲಿ ಜಾರಿಕೊಂಡೇ ಬರುತ್ತದೆ.

ಲೈಫ್ ಜಾಕೆಟ್ ಕಥೆ ಕೇಳಬೇಡಿ. ಕೆಲವು ಬೆಂಚಿನಡಿ ಕಟ್ಟಿಟ್ಟಂತೆಯೇ ಇದ್ದವು. ನನ್ನದನ್ನು ಫೋಟೋಕ್ಕೆಂದು ನಾನೇ ಬಿಚ್ಚಿಟ್ಟಿದ್ದೆ! ತೂಗಾಡುವ ಬೋಟಿನಲ್ಲಿ, ನಡುಗುವ ಕೈಯಲ್ಲಿ ಅದರ ಪಟ್ಟಿ ಕಟ್ಟಿ ನೋಡಿ, ಗೊತ್ತಾಗ್ತದೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುವ ದೋಣಿ ಮಗುಚಿ 16 ಮಂದಿ ಜೀವ ಕಳೆದುಕೊಂಡದ್ದು ಆಗ ನೆನಪಾಯಿತು.

ಎಂಜಿನ್ ಪೂರ್ತಿ ಬಂದ್ ಮಾಡಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕಲಾಸಿ ಹುಡುಗ ಚೂರಿಯೊಂದಿಗೆ ನೀರಿಗಿಳಿದ. ಮುಕ್ಕಾಲು ಗಂಟೆ ಕೊಯ್ದರೂ ಬಲೆ ಬಿಡಲಿಲ್ಲ. ಬಲೆಯಲ್ಲದಿದ್ದರೆ ಡೀಸೆಲ್ ಫಿಲ್ಟರಿನ ಕಸ, ಇಲ್ಲವೇ ಎಂಜಿನ್ ತಂಪು ಮಾಡುವ ನೀರಿನ ಬಾಯಿಗೆ ಅಂಟಿದ ಪ್ಲಾಸ್ಟಿಕ್ ಚೀಲ. ಇವೆರಡು ಅಲ್ಲೇ ಸರಿಯಾಗಬಹುದು. ಅದಕ್ಕೂ ಒಂದು ಹೆಚ್ಚಿನ ಫಿಲ್ಟರು ಬೋಟಿನಲ್ಲಿರಬೇಕಲ್ಲ!

ಕೊನೆಗೆ ಇನ್ನೊಂದು ಬೋಟು ಬಂದು ಎಳೆದುಕೊಂಡು ಹೋಯಿತು. ಎಳೆಯುವ ಹಗ್ಗದ ಹತ್ತಿರ ಯಾರನ್ನೂ ಕೂರಗೊಡಲಿಲ್ಲ. ತುಂಡಾದರೆ ಅದು ಚಾಟಿಯ ಹಾಗೆ ಹೊಡೆಯುತ್ತದೆ. ಹಾಗೆ ಬೋಟು ಸಿಗದವರು ಕರಾವಳಿ ಕಾವಲು ಪೊಲೀಸರ 1093ಕ್ಕೋ ಕೋಸ್ಟ್ ಗಾರ್ಡಿನ 1554ಕ್ಕೋ ಫೋನ್ ಮಾಡಬೇಕು. ದಡ ಕಾಣ್ತದೆ, ಈಜಿಯೇ ಹೋಗುವಾ ಎನ್ನುವ ಶೂರರನ್ನು ಹಿಡಿದು ಕೂರಿಸಿ.

ಧಕ್ಕೆಗೆ ಮುಟ್ಟಿದಾಗ ಕತ್ತಲಾಗಿತ್ತು. ಎಳೆದು ತಂದ ಬೋಟಿನ ಖರ್ಚು ಯಾರದ್ದು ಎಂದು ಅಲ್ಲಿ ಅರ್ಧ ಗಂಟೆ ಜಗಳ. ಬಾಡಿಗೆ ಚೌಕಾಸಿಯಲ್ಲಿ ನೂರು ರೂಪಾಯಿ ಇಳಿಸಿದ್ದ ನಮ್ಮ ಜವಳಿ ಅಂಗಡಿಯವರಿಗೂ ಇದನ್ನು ಬೆಳಿಗ್ಗೆಯೇ ಕೇಳಲು ಹೊಳೆದಿರಲಿಲ್ಲ. ಖರ್ಚನ್ನು ಕಡೆಗೆ ಇಬ್ಬರೂ ಅರ್ಧರ್ಧ ಕೊಟ್ಟೆವು.