ಸುಳಿ ಉಳಿದರೆ ಮರ ಉಳಿದೀತು

ಅರಸೀಕೆರೆ ಕಡೆಯ ತೋಟದ ಮನೆಗಳಲ್ಲಿ ಅಟ್ಟ ಹತ್ತಿ ನೋಡಿದರೆ ತೆಂಗಿನಕಾಯಿಯ ರಾಶಿ ಕಾಣುತ್ತದೆ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಲ್ಲಿ ಹರವಿ, ಎಂಟು ಹತ್ತು ತಿಂಗಳು ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ಮೆಲ್ಲಗೆ ಇಂಗುತ್ತದೆ, ತಿರುಳು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಲೊಡಲೊಡ ಸದ್ದು ಬಂದರೆ ಉಂಡೆ ಕೊಬ್ಬರಿ ಸಿದ್ಧವಾಯಿತು ಎಂದರ್ಥ.

ಈ ಉಂಡೆಯ ವಯಸ್ಸೆಷ್ಟು? ಅಟ್ಟದಲ್ಲಿ ಕಳೆದದ್ದು ಸುಮಾರು ಹತ್ತು ತಿಂಗಳು. ಅದಕ್ಕೂ ಮೊದಲು ಮರದ ಮೇಲೆ, ಹೂವು ಕಾಯಿಕಟ್ಟಿ ಬಲಿಯುವುದಕ್ಕೆ ಸುಮಾರು ಒಂದು ವರ್ಷ. ಆದರೆ ಆ ಹೂವನ್ನು ಹೊತ್ತ ಹೊಂಬಾಳೆ ಒಡೆಯುವುದಕ್ಕೆ ಇನ್ನೂ 32 ತಿಂಗಳು ಇರುವಾಗಲೇ, ಸುಳಿಯ ಒಳಗೆ, ಕಣ್ಣಿಗೆ ಕಾಣದಷ್ಟು ಚಿಕ್ಕ ಮೊಳಕೆಯಾಗಿ ಅದು ಹುಟ್ಟಿಕೊಂಡಿರುತ್ತದೆ. ಮೊಳಕೆಯಿಂದ ಬಲಿತ ಕಾಯಿಯವರೆಗೆ ಸುಮಾರು 44 ತಿಂಗಳು. ಅಟ್ಟದ ಕಾಲವನ್ನೂ ಸೇರಿಸಿದರೆ ಒಂದು ಉಂಡೆ ಕೊಬ್ಬರಿಯ ಹಿಂದೆ ನಾಲ್ಕೂವರೆ ವರ್ಷದ ಸಿದ್ಧತೆ ಇದೆ. ಇಷ್ಟು ಮುಂದಾಲೋಚನೆಯಿಂದ ಬದುಕುವ ಮರ, ಮಳೆ ಸರಿಯಾಗಿ ಬಾರದ ಸೀಮೆಯಲ್ಲಿ ನಿಂತಿದೆ. ಹಾಸನ ಜಿಲ್ಲೆಯ ಪಶ್ಚಿಮದಲ್ಲಿ ಸಕಲೇಶಪುರ ಮಳೆಯಲ್ಲಿ ತೊಯ್ದರೆ, ಪೂರ್ವದ ಅರಸೀಕೆರೆಗೆ ವರ್ಷಕ್ಕೆ ಸಿಗುವುದು 700 ಮಿಲಿಮೀಟರಿನ ಆಸುಪಾಸು. ಅದೂ ತಪ್ಪಿದರೆ?

2023ರಲ್ಲಿ ತಪ್ಪಿತು. ಆ ಸೆಪ್ಟೆಂಬರ್ ತಿಂಗಳು ಜಿಲ್ಲೆಗೆ ಎರಡು ಸುದ್ದಿ ತಂದಿತು. ಬೇಲೂರು, ಹಳೇಬೀಡಿನ ಗುಡಿಗಳು ಸೋಮನಾಥಪುರದೊಂದಿಗೆ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅದೇ ತಿಂಗಳು ಸರ್ಕಾರ ಬರಪೀಡಿತ ತಾಲ್ಲೂಕುಗಳ ಪಟ್ಟಿಯನ್ನೂ ಹೊರಡಿಸಿತು. ಮುಂದೆ ಆ ಪಟ್ಟಿ ರಾಜ್ಯದ 223 ತಾಲ್ಲೂಕುಗಳಿಗೆ ಬೆಳೆಯಿತು. ಅದರ ಮೇಲೆ ಕೊಬ್ಬರಿ ಬೆಲೆಯೂ ಬಿದ್ದುಹೋಗಿತ್ತು. ಕ್ವಿಂಟಲ್ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ 11,750 ರೂಪಾಯಿ ಇದ್ದರೆ, ಮಾರುಕಟ್ಟೆಯಲ್ಲಿ ಸಿಗುತ್ತಿದ್ದದ್ದು ಎಂಟು ಒಂಬತ್ತು ಸಾವಿರ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುವ ಗಾದೆಯನ್ನು ಆ ವರ್ಷ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮನುಷ್ಯ ಹೀಗೆ ಪೆಟ್ಟು ತಿಂದಾಗ ಏನು ಮಾಡಬೇಕು ಎಂಬುದಕ್ಕೆ ಮೊದಲು, ಅದೇ ಪೆಟ್ಟು ತಿಂದ ಮರ ಏನು ಮಾಡುತ್ತದೆ ಎಂದು ನೋಡೋಣ.

ನೀರು ಕಡಿಮೆಯಾದ ಸುಳಿವು ಸಿಕ್ಕ ಕೂಡಲೇ ತೆಂಗು ಗರಿಗಳಲ್ಲಿರುವ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳತೊಡಗುತ್ತದೆ. ಉಸಿರಾಟದ ಈ ಸಣ್ಣ ಕಿಂಡಿಗಳಿಂದಲೇ ನೀರು ಆವಿಯಾಗಿ ಹೊರಹೋಗುವುದು. ಕಿಂಡಿ ಮುಚ್ಚಿದರೆ ನೀರು ಉಳಿಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ಒಳಬರದೆ ಆಹಾರ ತಯಾರಿಕೆ ಕುಗ್ಗುತ್ತದೆ. ಬರ ಮುಂದುವರಿದರೆ ಕೆಳಗಿನ ಹಳೆಯ ಗರಿಗಳು ಬೇಗ ಒಣಗಿ ಜೋತುಬೀಳುತ್ತವೆ. ಹೊಂಬಾಳೆಯಲ್ಲಿ ಆಗತಾನೆ ಕಟ್ಟಿದ ಹರಳು ಉದುರುತ್ತದೆ. ತೋಟದ ನೆಲದ ಮೇಲೆ ಗೋಲಿಯಷ್ಟು ದಪ್ಪದ ಹರಳುಗಳು ಚೆಲ್ಲಿರುವುದನ್ನು ಕಂಡಾಗ ಹೊಟ್ಟೆ ಉರಿಯದ ರೈತನಿಲ್ಲ. ಮರದ ಲೆಕ್ಕದಲ್ಲಿ ಅದು ಸಾಕಲಾರದ ಮಕ್ಕಳನ್ನು ಬಿಟ್ಟುಕೊಡುವ ಕಷ್ಟದ ನಿರ್ಧಾರ.

ಇಷ್ಟೆಲ್ಲ ಬಿಟ್ಟುಕೊಟ್ಟು ಮರ ಕಾಪಾಡುವುದು ಒಂದನ್ನೇ: ಸುಳಿ. ಮಾವಿನ ಕೊಂಬೆ ಕಡಿದರೆ ಪಕ್ಕದಲ್ಲಿ ಇನ್ನೊಂದು ಚಿಗುರುತ್ತದೆ. ತೆಂಗಿಗೆ ಕೊಂಬೆಗಳಿಲ್ಲ, ಬೆಳೆಯುವ ತುದಿ ಇರುವುದು ಒಂದೇ. ಅದು ಕೊಳೆತರೆ ಅಥವಾ ಕುರುವಾಯಿ ದುಂಬಿ ಅದನ್ನು ಕೊರೆದು ಕೊಂದರೆ ನಲವತ್ತು ವರ್ಷದ ಮರವೂ ಮುಗಿಯಿತು. ಗರಿ ಹೋದರೆ ಗರಿ ಬರುತ್ತದೆ, ಫಸಲು ಹೋದರೆ ಮುಂದೊಂದು ದಿನ ಫಸಲು ಬರುತ್ತದೆ.

ಆ ಮುಂದೊಂದು ದಿನ ಬೇಗ ಬರುವುದಿಲ್ಲ ಎಂಬುದೂ ತಿಳಿದಿರಬೇಕು. ಬರದ ಹೊತ್ತಿಗೆ ಹರಳಾಗಿದ್ದದ್ದು ಉದುರಿದರೆ ಮರುವರ್ಷದ ಕಾಯಿ ಕಡಿಮೆ. ಸುಳಿಯೊಳಗೆ ಬೆಳೆಯುತ್ತಿದ್ದ ಎಳೆಯ ಹೊಂಬಾಳೆ ಸೊರಗಿದರೆ ಅದರ ಮರುವರ್ಷದ್ದು ಕಡಿಮೆ. ಆಗತಾನೆ ಮೊಳಕೆಯಾಗುತ್ತಿದ್ದದ್ದು ನೊಂದರೆ ಅದರ ನಷ್ಟ ಕಾಣುವುದು ಮೂರು, ನಾಲ್ಕು ವರ್ಷದ ಮೇಲೆ. ಒಳ್ಳೆ ಮಳೆಯಾಗಿ ಕೆರೆ ತುಂಬಿದ ವರ್ಷವೂ ಮರದಲ್ಲಿ ಕಾಯಿ ಇಲ್ಲವಲ್ಲ ಎಂದು ಕೊರಗುವವರಿಗೆ ಈ 44 ತಿಂಗಳ ಲೆಕ್ಕವೇ ಉತ್ತರ. ಮರ ಸುಧಾರಿಸಿಕೊಳ್ಳುತ್ತಿಲ್ಲ ಎಂದಲ್ಲ. ಅದರ ಕಾಲಮಾನವೇ ಅಷ್ಟು ಉದ್ದ.

ಇನ್ನೊಂದು ಸಂಗತಿಯನ್ನು ಹತ್ತಿರ ನಿಂತು ನೋಡಬೇಕು. ಕೆಲವು ಹಳೆಯ ತೆಂಗಿನ ಕಾಂಡಗಳಲ್ಲಿ ನಡುವೆ ಒಂದೆಡೆ ಹಿಂಡಿದಂತೆ ಸಣ್ಣಗಾಗಿ, ಮೇಲೆ ಮತ್ತೆ ದಪ್ಪಗಾಗಿರುತ್ತದೆ. ಬೇವು, ಹುಣಸೆಯಂತೆ ತೆಂಗಿನ ಕಾಂಡ ವರ್ಷ ವರ್ಷ ದಪ್ಪವಾಗುವುದಿಲ್ಲ. ಹಾಗೆ ದಪ್ಪವಾಗಲು ಬೇಕಾದ ಜೀವಕೋಶಗಳ ಪದರವೇ ಅದರಲ್ಲಿಲ್ಲ. ನೀರು, ಗೊಬ್ಬರ ಸಿಗದ ಕಾಲದಲ್ಲಿ ಸುಳಿ ಕಟ್ಟಿದ ಕಾಂಡ ಎಷ್ಟು ಸಣ್ಣಗಿತ್ತೋ ಕೊನೆಯವರೆಗೂ ಅಷ್ಟೇ. ಕಾಂಡದ ಮೇಲಿನ ಒಂದೊಂದು ಬಳೆಯೂ ಉದುರಿದ ಗರಿಯ ಗುರುತು. ಚೆನ್ನಾಗಿ ಬೆಳೆದ ಮರ ವರ್ಷಕ್ಕೆ ಹನ್ನೆರಡರ ಆಸುಪಾಸು ಗರಿ ಬಿಡುತ್ತದೆ. ಮೇಲಿನಿಂದ ಬಳೆ ಎಣಿಸುತ್ತ ಬಂದರೆ ಯಾವ ಕಾಲದಲ್ಲಿ ಮರ ಸೊರಗಿತ್ತು ಎಂದು ಹೆಚ್ಚುಕಡಿಮೆ ಅಂದಾಜು ಮಾಡಬಹುದು. ಮರ ತನ್ನ ಕೆಟ್ಟ ವರ್ಷವನ್ನು ಅಳಿಸಿಹಾಕಲಿಲ್ಲ, ಸರಿಪಡಿಸಲೂ ಇಲ್ಲ. ಅದರ ಮೇಲಿಂದಲೇ ಬೆಳೆಯಿತು.

ಅದೇ ತೋಟದ ಪಕ್ಕದ ಹೊಲದಲ್ಲಿ ರಾಗಿ ಇದೆ. ಅದರ ಜಾಣ್ಮೆ ಬೇರೆ. ಎಳೆಯ ರಾಗಿ ಪೈರಿನ ಮೇಲೆ ಎತ್ತು ಕಟ್ಟಿ ಕೊರಡು ಎಳೆಯುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಇದೆ. ಮೊದಲ ಬಾರಿ ನೋಡಿದವರಿಗೆ ಬೆಳೆಯನ್ನೇ ಹಾಳು ಮಾಡುತ್ತಿದ್ದಾರೆ ಅನ್ನಿಸುತ್ತದೆ. ಪೈರು ಬಾಗಿ ನೆಲ ಕಚ್ಚುತ್ತದೆ. ಕೆಲವೇ ದಿನಗಳಲ್ಲಿ ಎದ್ದು, ಬುಡದಿಂದ ಹೊಸ ತೆಂಡೆ ಒಡೆಯುತ್ತದೆ. ಸಸ್ಯದ ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಬುಡದ ಕಣ್ಣುಗಳನ್ನು ಅದುಮಿಟ್ಟಿರುತ್ತದೆ. ತುದಿಗೆ ಪೆಟ್ಟು ಬಿದ್ದಾಗ ಆ ಹಿಡಿತ ಸಡಿಲವಾಗಿ ಮಲಗಿದ್ದ ಕಣ್ಣುಗಳು ಏಳುತ್ತವೆ. ಒಂದು ತೆನೆ ಹೊರಬೇಕಿದ್ದ ಗಿಡ ನಾಲ್ಕಾರು ತೆನೆ ಹೊರುತ್ತದೆ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಇದ್ದರೆ ಹೊಲಕ್ಕೇ ಹಲವು ತುದಿಗಳಿದ್ದಂತೆ. ಮಳೆ ಬೇಗ ಬಂದರೆ ಒಂದು, ತಡವಾದರೆ ಇನ್ನೊಂದು ಕೈ ಹಿಡಿಯುತ್ತದೆ.

ಹಲವು ತುದಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇಲೂರು, ಹಳೇಬೀಡು ಕಡೆಯ ಆಲೂಗೆಡ್ಡೆ ಸಾಕ್ಷಿ. ಹಾಸನ ಜಿಲ್ಲೆಯ ಮುಂಗಾರು ಆಲೂಗೆಡ್ಡೆಗೆ ದೊಡ್ಡ ಹೆಸರಿತ್ತು. ಪಂಜಾಬಿನ ಜಲಂಧರದಿಂದ ಬಿತ್ತನೆ ಗೆಡ್ಡೆ ಲಾರಿಗಟ್ಟಲೆ ಬರುತ್ತಿತ್ತು. ಬಹುಪಾಲು ಹೊಲಗಳಲ್ಲಿ ಒಂದೇ ತಳಿ, ಕುಫ್ರಿ ಜ್ಯೋತಿ. ಬಿಡುಗಡೆಯಾದ ಕಾಲಕ್ಕೆ ಅದು ಅಂಗಮಾರಿ ರೋಗವನ್ನು ತಡೆದುಕೊಳ್ಳುತ್ತಿತ್ತು, ಬರಬರುತ್ತ ಆ ಶಕ್ತಿ ಕುಂದಿತು. ಅಂಗಮಾರಿ ತರುವ ಸೂಕ್ಷ್ಮಜೀವಿಗೆ ತಂಪು ಹವೆ, ಜಿಟಿಜಿಟಿ ಮಳೆ, ಒದ್ದೆ ಎಲೆ ಸಿಕ್ಕರೆ ಸಾಕು. ಹಸಿರು ಹೊಲ ಕೆಲವೇ ದಿನಗಳಲ್ಲಿ ಸುಟ್ಟಂತೆ ಕಪ್ಪಾಗುತ್ತದೆ. 1845ರಲ್ಲಿ ಐರ್ಲೆಂಡಿನಲ್ಲಿ ಶುರುವಾಗಿ, ಸುಮಾರು ಹತ್ತು ಲಕ್ಷ ಜನರನ್ನು ಬಲಿ ತೆಗೆದುಕೊಂಡ ಕ್ಷಾಮದ ಹಿಂದೆ ಇದ್ದದ್ದೂ ಇದೇ ರೋಗ. ಸಾಲು ಸಾಲು ವರ್ಷ ಕೈಸುಟ್ಟುಕೊಂಡ ಮೇಲೆ ಇಲ್ಲಿನ ಅನೇಕ ರೈತರು ಮುಸುಕಿನ ಜೋಳ, ಶುಂಠಿಯ ಕಡೆ ಹೊರಳಿದರು. ಆಲೂಗೆಡ್ಡೆ ಕೈಬಿಟ್ಟವರು ಬೇಸಾಯ ಕೈಬಿಡಲಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ.

ಹೀಗೆ ಒಂದನ್ನು ಬಿಟ್ಟು ಇನ್ನೊಂದನ್ನು ಉಳಿಸಿಕೊಂಡ ಗುರುತು ಬೇಲೂರಿನ ಗುಡಿಯಲ್ಲೂ ಇದೆ. ಅಲ್ಲಿಗೆ ಹೋದವರು ಮದನಿಕೆಯರನ್ನು ನೋಡುತ್ತ ಒಂದು ಕೊರತೆಯನ್ನು ಗಮನಿಸದೆ ಬರುತ್ತಾರೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗರ್ಭಗುಡಿಯ ಮೇಲೆ ಈಗ ಶಿಖರವಿಲ್ಲ. ಇಟ್ಟಿಗೆ, ಗಾರೆ, ಮರದಿಂದ ಕಟ್ಟಿದ್ದ ಶಿಖರ ಮತ್ತೆ ಮತ್ತೆ ಶಿಥಿಲವಾಯಿತು, ಮತ್ತೆ ಮತ್ತೆ ದುರಸ್ತಿಯಾಯಿತು. ಕಡೆಗೆ 19ನೇ ಶತಮಾನದಲ್ಲಿ, ಕೆಳಗಿನ ಗುಡಿಯನ್ನು ಉಳಿಸುವುದಕ್ಕಾಗಿ ಅದನ್ನು ಇಳಿಸಿಬಿಟ್ಟರು. ದೇವಾಲಯಕ್ಕೆ ಶಿಖರವೇ ಕಳಶಪ್ರಾಯ. ಅದನ್ನು ಇಳಿಸಲು ಎಷ್ಟು ಗಟ್ಟಿ ಮನಸ್ಸು ಬೇಕಾಗಿದ್ದಿರಬೇಕು! ಇಂದಿಗೂ ಅಲ್ಲಿ ದಿನದಿನವೂ ಪೂಜೆ ನಡೆಯುತ್ತದೆ.

ಮನಸ್ಸಿನ ವಿಜ್ಞಾನವೂ ಇದೇ ದಿಕ್ಕಿಗೆ ಬೆರಳು ತೋರುತ್ತದೆ. ಕಾರ್ಸ್ಟನ್ ರಾಷ್, ಮೈಕೆಲ್ ಶೈಯರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ, ಕೈಗೆಟುಕದೆ ಹೋದ ಗುರಿಗಳ ಬಗ್ಗೆ. ತಲುಪಲಾಗದ ಗುರಿಯಿಂದ ಮನಸ್ಸನ್ನು ಬಿಡಿಸಿಕೊಳ್ಳಬಲ್ಲವರು, ಬಿಡಿಸಿಕೊಂಡ ಮನಸ್ಸನ್ನು ಅರ್ಥವಿರುವ ಇನ್ನೊಂದು ಗುರಿಗೆ ತೊಡಗಿಸಬಲ್ಲವರು ಹೆಚ್ಚು ನೆಮ್ಮದಿಯಿಂದಿದ್ದರು. ಹಟ ಹಿಡಿದವನೇ ಗಟ್ಟಿಗ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಯಾವುದಕ್ಕೆ ಹಟ ಹಿಡಿಯಬೇಕು ಎಂಬುದನ್ನೂ ಹೇಳಿಕೊಡಬೇಕು. ಸೀಟು, ನೌಕರಿ, ಬೆಳೆ, ವ್ಯಾಪಾರ ಇವು ಗರಿ ಮತ್ತು ಹರಳು. ಆರೋಗ್ಯ, ನಂಟು, ದುಡಿಯುವ ಆಸೆ, ಮತ್ತೆ ಕಲಿಯುವ ಮನಸ್ಸು ಇವು ಸುಳಿ. ಗರಿ ಉಳಿಸಲು ಹೋಗಿ ಸುಳಿ ಒಣಗಿಸಿಕೊಂಡವರನ್ನು ಬರದ ವರ್ಷಗಳಲ್ಲಿ ನಮ್ಮ ಹಳ್ಳಿಗಳು ಕಂಡಿವೆ. ಸಾಲದ ಭಾರಕ್ಕೆ ಜೀವವನ್ನೇ ಬಿಟ್ಟವರ ಮನೆಗಳ ಮುಂದೆ ನಿಂತಾಗ ಈ ಮಾತು ಬರಿಯ ಹೋಲಿಕೆಯಾಗಿ ಉಳಿಯುವುದಿಲ್ಲ.

ಪೀಟರ್ ಗೋಲ್‌ವಿಟ್ಜರ್ ಎಂಬ ಮನೋವಿಜ್ಞಾನಿ ತೋರಿಸಿಕೊಟ್ಟ ಇನ್ನೊಂದು ಉಪಾಯ ಬಹಳ ಸರಳ: ಹೀಗಾದರೆ ಹೀಗೆ ಮಾಡುತ್ತೇನೆ ಎಂದು ಮೊದಲೇ ಗಟ್ಟಿಮಾಡಿಕೊಳ್ಳುವುದು. ಬರೀ ಸಂಕಲ್ಪ ಮಾಡಿದವರಿಗಿಂತ ಹೀಗೆ ನಿಶ್ಚಯಿಸಿಕೊಂಡವರು ಹೆಚ್ಚಾಗಿ ಮಾಡಿ ಮುಗಿಸುತ್ತಾರೆ. ಗಾಬರಿಯ ಗಳಿಗೆಯಲ್ಲಿ ಯೋಚಿಸುವ ಹೊರೆ ಕಡಿಮೆಯಾಗಿರುತ್ತದೆ. ನಮ್ಮ ರೈತರಿಗೆ ಇದು ಹೊಸದಲ್ಲ. ಹುಬ್ಬೆ ಮಳೆ ಹೊತ್ತಿಗೂ ರಾಗಿಗೆ ಹದವಾಗದಿದ್ದರೆ ಹುರುಳಿ ಚೆಲ್ಲುವುದು ಇದೇ ಲೆಕ್ಕ. ಮಳೆಗಾಲದಲ್ಲೇ ತೆಂಗಿನ ಸಿಪ್ಪೆಯನ್ನು ಮರದ ಸುತ್ತ ಗುಂಡಿಯಲ್ಲಿ ಹೂಳುವುದೂ ಇದೇ. ಸಿಪ್ಪೆ ಅದರ ತೂಕದ ಹಲವು ಪಟ್ಟು ನೀರು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಬೇರಿಗೆ ಕೊಡುತ್ತದೆ. ಬರ ಬಂದ ಮೇಲೆ ಹೂಳಿದರೆ ಹೀರುವುದಕ್ಕೆ ನೀರೆಲ್ಲಿ?

2025ರಲ್ಲಿ ಉಂಡೆ ಕೊಬ್ಬರಿ ಬೆಲೆ ಕ್ವಿಂಟಲ್‌ಗೆ 25 ಸಾವಿರ ದಾಟಿತು. ಮರದಲ್ಲಿ ಕಾಯಿ ಕಡಿಮೆಯಾಗಿದ್ದದ್ದೂ ಅದಕ್ಕೊಂದು ಕಾರಣ. 2023ರಲ್ಲಿ ಎಂಟು ಸಾವಿರಕ್ಕೆ ಮಾರಿದ ಯಾರ ಲೆಕ್ಕದಲ್ಲೂ ಅದು ಇರಲಿಲ್ಲ. ಮುಂದಿನ ಏರಿಳಿತವೂ ನಮ್ಮ ಲೆಕ್ಕಕ್ಕೆ ಸಿಗಲಾರದು. ಲೆಕ್ಕಕ್ಕೆ ಸಿಗುವುದು ಮರ ಇನ್ನೂ ನಿಂತಿದೆಯೇ ಎಂಬುದು ಮಾತ್ರ. ಅರಸೀಕೆರೆ ಕಡೆ ಹೋದಾಗ ನಡು ಸಣ್ಣಗಾದ ಒಂದು ತೆಂಗಿನ ಮರದ ಬುಡದಲ್ಲಿ ನಿಂತು, ಆ ಸಣ್ಣ ಜಾಗದಿಂದ ಮೇಲಕ್ಕೆ ಕಣ್ಣು ಹಾಯಿಸಿ ಬಳೆಗಳನ್ನು ಎಣಿಸುತ್ತ ಹೋಗಿ. ಎಣಿಕೆ ತಪ್ಪುವ ಎತ್ತರದಲ್ಲಿ ಹೊಸ ಹೊಂಬಾಳೆ ಕಾಣುತ್ತದೆ.