ಗುಂಡಿನ ಸದ್ದು ಅಡಗಿದ ಮೇಲೆ

ಶಿಕಾರಿ ಎಂದರೆ ನಮ್ಮ ಪೀಳಿಗೆಯ ಬಹಳಷ್ಟು ಕನ್ನಡಿಗರಿಗೆ ನೆನಪಾಗುವುದು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳು. ಗುಂಡು ಹಾರುವ ತನಕ ಉಸಿರು ಬಿಗಿಹಿಡಿದು ಓದುತ್ತೇವೆ. ಪ್ರಾಣಿ ಬಿತ್ತು ಎಂದ ಕೂಡಲೇ ನಮ್ಮ ಕುತೂಹಲವೂ ಮುಗಿಯುತ್ತದೆ. ಬಿದ್ದ ಪ್ರಾಣಿಯನ್ನು ಅಲ್ಲಿಂದ ಹೊತ್ತವರು ಯಾರು, ಎಷ್ಟು ದೂರ ಹೊತ್ತರು, ಎಷ್ಟು ಹೊತ್ತು ಹಿಡಿಯಿತು ಎಂದು ನಾವು ಕೇಳುವುದಿಲ್ಲ.

ಸ್ಕಾಟ್ಲೆಂಡಿನ ಬೆಟ್ಟಸೀಮೆಯಾದ ಹೈಲ್ಯಾಂಡ್ಸ್‌ನಲ್ಲಿ ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ. ಅಲ್ಲಿ ಜಿಂಕೆ ಹೊಡೆಯುವುದನ್ನೇ ವೃತ್ತಿ ಮಾಡಿಕೊಂಡವರಿದ್ದಾರೆ. ಅವರನ್ನು ಸ್ಟಾಕರ್ ಎನ್ನುತ್ತಾರೆ. ಗುರಿಯಿಡುವುದು ಕೆಲವು ಕ್ಷಣಗಳ ಮಾತು. ಬಿದ್ದ ಜಿಂಕೆಯನ್ನು ಬೆಟ್ಟದಿಂದ ರಸ್ತೆಗೆ ಇಳಿಸುವುದು ಕೆಲವೊಮ್ಮೆ ಉಳಿದ ಇಡೀ ದಿನದ ಕೆಲಸ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯನ್ನು ಅಪರಾಧವೆಂದೇ ತಿಳಿದು ಬೆಳೆದ ನಮಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಈ ಹೊರೆ ಇಳಿಸುವ ಕೆಲಸಕ್ಕೂ ಅಲ್ಲಿ ಕಾಡು ಬೆಳೆಯುವುದಕ್ಕೂ ನೇರ ಸಂಬಂಧವಿದೆ.

ಹುಲಿ ಇಲ್ಲದ ಬೆಟ್ಟ

ಮೊದಲು ಹೊಡೆಯುವುದೇಕೆ ಎಂದು ನೋಡೋಣ. ಸ್ಕಾಟ್ಲೆಂಡ್ ವಿಸ್ತೀರ್ಣದಲ್ಲಿ ಕರ್ನಾಟಕದ ಅರ್ಧಕ್ಕಿಂತಲೂ ಚಿಕ್ಕದು. ಅಲ್ಲಿನ ಸರ್ಕಾರ ನೇಮಿಸಿದ್ದ ತಜ್ಞರ ತಂಡ 2020ರಲ್ಲಿ ಕೊಟ್ಟ ವರದಿಯ ಪ್ರಕಾರ, ನಾಲ್ಕು ಜಾತಿಯ ಕಾಡು ಜಿಂಕೆಗಳು ಸೇರಿ ಸಂಖ್ಯೆ ಹತ್ತು ಲಕ್ಷದವರೆಗೂ ಇರಬಹುದು. ಬೆಟ್ಟಗಳ ಮೇಲೆ ಮುಖ್ಯವಾಗಿ ಇರುವುದು ರೆಡ್ ಡಿಯರ್ ಎಂಬ ಕೆಂಪು ಜಿಂಕೆ. ಗಾತ್ರದಲ್ಲಿ ಅದು ನಮ್ಮ ಚುಕ್ಕೆ ಜಿಂಕೆಗಿಂತ ದೊಡ್ಡದು, ಕಡವೆಗಿಂತ ಚಿಕ್ಕದು.

ಇವನ್ನು ತಿನ್ನುವ ಪ್ರಾಣಿ ಅಲ್ಲಿ ಉಳಿದಿಲ್ಲ. ಲಿಂಕ್ಸ್ ಎಂಬ ಕಾಡುಬೆಕ್ಕು ನೂರಾರು ವರ್ಷಗಳ ಹಿಂದೆಯೇ ಕಣ್ಮರೆಯಾಯಿತು. ಕೊನೆಯ ತೋಳಗಳನ್ನೂ 17-18ನೇ ಶತಮಾನದ ಹೊತ್ತಿಗೆ ಕೊಂದು ಮುಗಿಸಿದರು. ಜಿಂಕೆಗಳು ಪೈನ್, ಬರ್ಚ್, ರೋವನ್ ಸಸಿಗಳು ಮೊಣಕಾಲೆತ್ತರಕ್ಕೆ ಬರುವ ಮೊದಲೇ ಚಿಗುರು ಕಿತ್ತು ತಿನ್ನುತ್ತವೆ. ಪ್ರವಾಸಿಗರು ಫೋಟೋ ತೆಗೆದುಕೊಳ್ಳುವ ಆ ಬೋಳು ಗುಡ್ಡಗಳ ಸೌಂದರ್ಯದ ಹಿಂದೆ ಮನುಷ್ಯ ಕಡಿದ ಕಾಡಿದೆ, ಕುರಿ ಮತ್ತು ಜಿಂಕೆಗಳು ಮತ್ತೆ ಬೆಳೆಯಲು ಬಿಡದ ಕಾಡೂ ಇದೆ. ಬೇಲಿ ಹಾಕಬಹುದು. ಆದರೆ ಬೇಲಿಗೆ ವಿಪರೀತ ಖರ್ಚು. ಜೊತೆಗೆ ಅಲ್ಲಿನ ಅಪರೂಪದ ಕ್ಯಾಪರ್‌ಕೇಲಿ ಎಂಬ ಕಾಡುಕೋಳಿ ಹಾರುವಾಗ ಬೇಲಿಗೆ ಬಡಿದು ಸಾಯುತ್ತದೆ.

ಹೀಗಾಗಿ ಪ್ರತಿವರ್ಷ ಒಂದು ಲಕ್ಷಕ್ಕೂ ಹೆಚ್ಚು ಜಿಂಕೆಗಳನ್ನು ಹೊಡೆಯಲಾಗುತ್ತದೆ. ಕೇರ್ನ್‌ಗಾರ್ಮ್ಸ್ ಬೆಟ್ಟಗಳ ಗ್ಲೆನ್ ಫೆಶಿ ಕಣಿವೆಯಲ್ಲಿ ಈ ಶತಮಾನದ ಆರಂಭದಿಂದ ಜಿಂಕೆಗಳ ಸಂಖ್ಯೆಯನ್ನು ತೀರಾ ಇಳಿಸಿದರು. ಈಗ ಅಲ್ಲಿ ಬೇಲಿಯಿಲ್ಲದೆ, ಯಾರೂ ನೆಡದೆ, ಪೈನ್ ಮರಗಳು ತಾವಾಗಿಯೇ ಎದ್ದಿವೆ.

ಗುಂಡಿಗೆ ಮೊದಲಿನ ಲೆಕ್ಕ

ಒಳ್ಳೆಯ ಸ್ಟಾಕರ್ ದೂರದರ್ಶಕದಲ್ಲಿ ಜಿಂಕೆಯನ್ನಷ್ಟೇ ನೋಡುವುದಿಲ್ಲ. ಅದು ನಿಂತ ನೆಲವನ್ನೂ ನೋಡುತ್ತಾನೆ. ಎದೆಗೆ ಸರಿಯಾಗಿ ಗುಂಡು ಬಿದ್ದ ಜಿಂಕೆ ಕೂಡ ನಿಂತಲ್ಲೇ ಬೀಳಬೇಕೆಂದಿಲ್ಲ. ಐವತ್ತು ನೂರು ಮೀಟರ್ ಓಡಿ, ಕೊರಕಲಿಗೋ ಬಂಡೆಯ ಅಂಚಿಗೋ ಹೋಗಿ ಬೀಳಬಹುದು. ಅಲ್ಲಿಂದ ಅದನ್ನು ತೆಗೆಯಲು ಸಾಧ್ಯವೇ? ಅದರ ಕೆಳಗೆ ದಾರಿ ಇದೆಯೇ? ಕತ್ತಲಾಗಲು ಎಷ್ಟು ಹೊತ್ತಿದೆ? ಉತ್ತರ ಸರಿಯಿಲ್ಲದಿದ್ದರೆ ಎರಡು ಗಂಟೆ ಒದ್ದೆ ಹುಲ್ಲಿನಲ್ಲಿ ತೆವಳಿ ಬಂದಿದ್ದರೂ ಬಂದೂಕು ಕೆಳಗಿಟ್ಟು ವಾಪಸ್ ಹೋಗಬೇಕು.

ಕತ್ತಲಿನ ಪ್ರಶ್ನೆ ಸಣ್ಣದಲ್ಲ. ಕೆಂಪು ಜಿಂಕೆಯ ಹೆಣ್ಣುಗಳನ್ನು ಹೊಡೆಯುವ ಕಾಲ ಅಕ್ಟೋಬರ್ 21ರಿಂದ ಫೆಬ್ರವರಿ 15ರವರೆಗೆ, ಅಂದರೆ ಚಳಿಗಾಲದ ನಡುಭಾಗ. ಜಿಂಕೆಯ ಸಂಖ್ಯೆ ಇಳಿಯಬೇಕಾದರೆ ಹೊಡೆಯಬೇಕಾದದ್ದು ಹೆಣ್ಣುಗಳನ್ನೇ. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ಮೂರೂವರೆಗೆ ಸೂರ್ಯ ಮುಳುಗುತ್ತಾನೆ. ಒಂದು ಗಂಟೆಗೆ ಜಿಂಕೆ ಬಿದ್ದರೆ, ಹಿಮ ಅಥವಾ ಮಳೆಯ ನಡುವೆ, ಬೆಳಕಿರುವ ಎರಡೂವರೆ ತಾಸಿನಲ್ಲಿ ಅದನ್ನು ಇಳಿಸಬೇಕು. ಗಂಡು ಜಿಂಕೆಗಳಿಗೆ ಜುಲೈ 1ರಿಂದ ಅಕ್ಟೋಬರ್ 20ರವರೆಗೆ ಮಾತ್ರ ಅವಕಾಶವಿತ್ತು. 2023ರಲ್ಲಿ ಆ ಮಿತಿಯನ್ನು ತೆಗೆದು, ಗಂಡುಗಳನ್ನು ವರ್ಷವಿಡೀ ಹೊಡೆಯಬಹುದು ಎಂದು ಮಾಡಿದರು. ಕಾನೂನು ದಿನಗಳನ್ನು ಹೆಚ್ಚಿಸಬಲ್ಲದು. ಬೆಟ್ಟದಿಂದ ಇಳಿಸುವ ಕೈಗಳನ್ನು ಹೆಚ್ಚಿಸಲಾರದು.

ಚಾಕು, ಹಗ್ಗ, ಬೆನ್ನು

ಜಿಂಕೆ ಬಿದ್ದ ಮೇಲೆ ಮೊದಲ ಕೆಲಸ ಅದರ ಕರುಳು, ಜಠರ ತೆಗೆಯುವುದು. ಇದಕ್ಕೆ ಗ್ರಾಲಕ್ ಎನ್ನುತ್ತಾರೆ. ಕರುಳು ಎಂಬ ಅರ್ಥದ ಗೇಲಿಕ್ ಪದದಿಂದ ಬಂದ ಹೆಸರದು. ತಡ ಮಾಡಿದರೆ ಮೈಯ ಬಿಸಿಗೆ ಹೊಟ್ಟೆ ಉಬ್ಬಿ ಮಾಂಸ ಕೆಡುತ್ತದೆ. ಜೊತೆಗೆ ಹೊರೆಯೂ ಹಗುರವಾಗುತ್ತದೆ. ಇಲ್ಲೇ ರೋಗದ ತಪಾಸಣೆಯೂ ನಡೆಯುತ್ತದೆ. ದುಗ್ಧರಸ ಗ್ರಂಥಿಗಳು ಊದಿವೆಯೇ, ಯಕೃತ್ತು, ಶ್ವಾಸಕೋಶ ಸರಿಯಾಗಿವೆಯೇ ಎಂದು ನೋಡಬೇಕು. ಮಾಂಸ ಮಾರಾಟಕ್ಕೆ ಹೋಗುವುದಾದರೆ, ಪ್ರಾಣಿ ಆರೋಗ್ಯವಾಗಿತ್ತು ಎಂದು ತರಬೇತಿ ಪಡೆದ ಬೇಟೆಗಾರ ಬರೆದುಕೊಡಬೇಕು.

ಆಮೇಲೆ ಎಳೆಯುವ ಕೆಲಸ. ಒಳಭಾಗ ತೆಗೆದ ಮೇಲೂ ಬಲಿತ ಗಂಡು 80-90 ಕಿಲೋ ತೂಗಬಹುದು. ಹೆಣ್ಣು 50 ಕಿಲೋ ಆಸುಪಾಸು. ಸಹ್ಯಾದ್ರಿಯ ಚಾರಣಕ್ಕೆ ಹೋಗುವ ಮುಂಬೈ, ಪುಣೆಯ ಓದುಗರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ಹತ್ತು ಕಿಲೋ ಬ್ಯಾಗು ಬೆನ್ನಿಗಿದ್ದರೇ ಮಳೆಗಾಲದ ಇಳಿಜಾರಿನಲ್ಲಿ ಮೊಣಕಾಲು ನಡುಗುತ್ತದೆ. ಇಲ್ಲಿ ಕಾಲಿನ ಕೆಳಗೆ ಬಂಡೆಯೂ ಇಲ್ಲ. ಪೀಟ್ ಎಂಬ, ಸಾವಿರಾರು ವರ್ಷಗಳ ಪಾಚಿ ಕೊಳೆತು ಆದ ಕಪ್ಪು ಜವುಗು ನೆಲ. ಅದರ ಮೇಲೆ ಮೊಣಕಾಲೆತ್ತರದ ಹೆದರ್ ಪೊದೆ. ನಡುನಡುವೆ ಆಳುದ್ದದ ಕೊರಕಲು, ಒಳಗೆ ನೀರು.

ಎಳೆಯುವುದಕ್ಕೂ ಕ್ರಮವಿದೆ. ಹಗ್ಗವನ್ನು ಕುತ್ತಿಗೆಗೆ ಅಥವಾ ಕೊಂಬಿಗೆ ಕಟ್ಟಿ ತಲೆ ಮುಂದಾಗಿ ಎಳೆಯಬೇಕು. ಕೂದಲು ಹಿಂದಕ್ಕೆ ಬಾಗಿರುವುದರಿಂದ ಹಾಗೆ ಎಳೆದರೆ ಜಾರುತ್ತದೆ. ಬಾಲದ ಕಡೆಯಿಂದ ಎಳೆದರೆ ಪ್ರತಿ ಕೂದಲೂ ಅಡ್ಡ ನಿಲ್ಲುತ್ತದೆ. ಕಡಿದಾದ ಇಳಿಜಾರಿನಲ್ಲಿ ಹೊರೆಯ ಮುಂದೆ ನಡೆಯುವಂತಿಲ್ಲ. ಒದ್ದೆ ಹುಲ್ಲಿನ ಮೇಲೆ 80 ಕಿಲೋ ಜಾರಿ ಬಂದರೆ ಮನುಷ್ಯನನ್ನೂ ಕೆಡವಿಕೊಂಡು ಹೋಗುತ್ತದೆ. ಪಕ್ಕಕ್ಕೋ ಮೇಲಕ್ಕೋ ನಿಂತು, ಹಗ್ಗ ಹಿಡಿದು, ತಡೆದು ತಡೆದು ಬಿಡಬೇಕು. ಏರು ದಾರಿಯಲ್ಲಿ ಎಳೆಯುವುದು ಒಬ್ಬನಿಂದ ಆಗದ ಮಾತು. ಆದ್ದರಿಂದ ಮನೆ ಉತ್ತರಕ್ಕಿದ್ದರೂ ಇಳಿಜಾರು ದಕ್ಷಿಣಕ್ಕಿದ್ದರೆ ದಕ್ಷಿಣಕ್ಕೇ ಇಳಿದು, ಹಳ್ಳದ ಗುಂಟ ಸುತ್ತಿ ಬರಬೇಕು.

ಬೆಟ್ಟದ ಕುದುರೆ, ಎಂಟು ಗಾಲಿಯ ಗಾಡಿ

ಈ ಕೆಲಸಕ್ಕೆ ಹಿಂದಿನಿಂದಲೂ ಜೊತೆಯಾದದ್ದು ಹೈಲ್ಯಾಂಡ್ ಪೋನಿ. ಭುಜದ ಎತ್ತರ ನಾಲ್ಕೂವರೆ ಅಡಿ ಆಸುಪಾಸು. ದಪ್ಪ ಕಾಲು, ಶಾಂತ ಸ್ವಭಾವ. ಜವುಗಿನಲ್ಲಿ ಎಲ್ಲಿ ಕಾಲಿಟ್ಟರೆ ಹೂತುಹೋಗುತ್ತದೆ ಎಂದು ಎಷ್ಟೋ ಸಲ ಮನುಷ್ಯನಿಗಿಂತ ಮೊದಲು ಅದಕ್ಕೆ ಗೊತ್ತಾಗುತ್ತದೆ. ಜಿಂಕೆ ಹೊರಲೆಂದೇ ಮಾಡಿದ ಅಗಲವಾದ ಜೀನು ಇದೆ. ಜಿಂಕೆಯನ್ನು ಅದರ ಮೇಲೆ ಅಡ್ಡ ಹಾಕಿ, ಕೊಂಬು ಕುದುರೆಯ ಹೊಟ್ಟೆಗೆ ಚುಚ್ಚದಂತೆ ತಲೆಯನ್ನು ಹಿಂದಕ್ಕೆ ತಿರುಗಿಸಿ ಬಿಗಿಯಬೇಕು. ಎರಡೂ ಕಡೆ ತೂಕ ಸಮನಾಗಿರಬೇಕು. ಒಂದು ಕಡೆ ವಾಲಿದರೆ ಅರ್ಧ ದಾರಿಯಲ್ಲಿ ಜೀನು ಸಮೇತ ಹೊರೆ ಹೊಟ್ಟೆಯಡಿಗೆ ಬರುತ್ತದೆ. ಸತ್ತ ಪ್ರಾಣಿಯ ವಾಸನೆಗೆ, ರಕ್ತದ ವಾಸನೆಗೆ ಯಾವ ಕುದುರೆಯೂ ಹುಟ್ಟಿನಿಂದ ಒಗ್ಗಿರುವುದಿಲ್ಲ. ಅದನ್ನು ನಿಧಾನವಾಗಿ ರೂಢಿ ಮಾಡಿಸಬೇಕು. ರೇಡಿಯೋ ಇಲ್ಲದ ಕಾಲದಲ್ಲಿ ಕುದುರೆಯವನು ದೂರದ ಕಣಿವೆಯಲ್ಲಿ ಕಾಯುತ್ತಿದ್ದ. ಬೆಟ್ಟದ ಮೇಲೆ ಹೆದರ್ ಸುಟ್ಟ ಹೊಗೆ ಎದ್ದರೆ ಜಿಂಕೆ ಬಿತ್ತು ಎಂದು ಅರ್ಥ.

1960ರ ದಶಕದ ನಂತರ ಕೆನಡಾದಲ್ಲಿ ತಯಾರಾದ ಆರ್ಗೋಕ್ಯಾಟ್ ಬಂತು. ಎಂಟು ಗಾಲಿಯ, ನೀರಿನಲ್ಲೂ ತೇಲುವ ಪುಟ್ಟ ಗಾಡಿ. ಎರಡು ಮೂರು ಜಿಂಕೆಗಳನ್ನು ಒಂದೇ ಸಲ ತರುತ್ತದೆ. ಕುದುರೆಯಂತೆ ವರ್ಷವಿಡೀ ಮೇವು ಕೇಳುವುದಿಲ್ಲ. ಬಹಳ ಎಸ್ಟೇಟುಗಳು ಕುದುರೆಗಳನ್ನು ಕೈಬಿಟ್ಟವು. ಆದರೆ ಗಾಲಿ ಮತ್ತೆ ಮತ್ತೆ ಹಾದಲ್ಲಿ ಪೀಟ್ ನೆಲ ಬಿರಿಯುತ್ತದೆ, ಮಳೆ ಅದನ್ನು ಕೊಚ್ಚುತ್ತದೆ. ಪೀಟ್ ನೆಲ ಅಪಾರ ಇಂಗಾಲ ಹಿಡಿದಿಟ್ಟುಕೊಂಡ ಉಗ್ರಾಣ. ಹಾಗಾಗಿ ಗಾಯ ಬೆಟ್ಟಕ್ಕಷ್ಟೇ ಅಲ್ಲ. ಗಾಡಿ ಹೋಗಲಾಗದ ಕಡಿದಾದ ಜಾಗಗಳೂ ಉಳಿದೇ ಇವೆ. ಈ ಕಾರಣಗಳಿಗಾಗಿ ಕೆಲವು ಎಸ್ಟೇಟುಗಳಲ್ಲಿ ಇಂದಿಗೂ ಪೋನಿಗಳೇ ಜಿಂಕೆ ಹೊರುತ್ತವೆ. ಬ್ರಿಟನ್ನಿನ ರಾಜಮನೆತನದ ಬಾಲ್ಮೋರಲ್ ಅವುಗಳಲ್ಲಿ ಒಂದು.

ರಸ್ತೆಗೆ ಬಂದರೂ ಕೆಲಸ ಮುಗಿಯಲಿಲ್ಲ. ಲಾರ್ಡರ್ ಎಂಬ ಮಾಂಸದ ಕೋಣೆಯಲ್ಲಿ ತೂಗುಹಾಕಿ, ತೊಳೆದು, ತೂಕ ಮಾಡಿ, ಚೀಟಿ ಕಟ್ಟಿ, 7 ಡಿಗ್ರಿಗಿಂತ ಕೆಳಗೆ ತಣ್ಣಗಾಗಿಸಬೇಕು.

ಹೊರುವ ಖರ್ಚೇ ತೀರ್ಪು

ಹೊರೆಯ ಖರ್ಚು ಒಂದು ನಾಡಿನ ಜಿಂಕೆಗಳ ಸಂಖ್ಯೆಯನ್ನೇ ತೀರ್ಮಾನಿಸಬಲ್ಲದು ಎಂಬುದಕ್ಕೆ ನ್ಯೂಜಿಲೆಂಡ್ ಸಾಕ್ಷಿ. ಬ್ರಿಟಿಷ್ ವಲಸಿಗರು 19ನೇ ಶತಮಾನದಲ್ಲಿ ಅಲ್ಲಿಗೆ ಕೆಂಪು ಜಿಂಕೆಗಳನ್ನು ಒಯ್ದರು. ಅಲ್ಲಿಯೂ ಅವನ್ನು ತಿನ್ನುವ ಪ್ರಾಣಿ ಇರಲಿಲ್ಲ. 1930ರ ದಶಕದಿಂದ ಸರ್ಕಾರವೇ ಸಂಬಳ ಕೊಟ್ಟು ಬೇಟೆಗಾರರನ್ನು ಬೆಟ್ಟಕ್ಕೆ ಕಳಿಸಿತು. ಅವರು ಹೆಚ್ಚಾಗಿ ಲೆಕ್ಕಕ್ಕೆ ಬಾಲವನ್ನೋ ಮಾರಲು ಚರ್ಮವನ್ನೋ ಮಾತ್ರ ತರುತ್ತಿದ್ದರು. ಮಾಂಸ ಅಲ್ಲೇ ಕೊಳೆಯುತ್ತಿತ್ತು. ಹೊರುವವರು ಯಾರು? ದಶಕಗಟ್ಟಲೆ ಹೊಡೆದರೂ ಸಂಖ್ಯೆ ಹತೋಟಿಗೆ ಬರಲಿಲ್ಲ.

1960ರ ದಶಕದಲ್ಲಿ ಹೆಲಿಕಾಪ್ಟರ್ ಬಂತು, ಜರ್ಮನಿಯಂಥ ದೇಶಗಳಲ್ಲಿ ಮಾಂಸಕ್ಕೆ ಗಿರಾಕಿಯೂ ಸಿಕ್ಕಿತು. ಹಗ್ಗಕ್ಕೆ ಕಟ್ಟಿದ ಜಿಂಕೆಗಳು ಗೊಂಚಲು ಗೊಂಚಲಾಗಿ ಆಕಾಶದಲ್ಲಿ ತೂಗುತ್ತಾ ಕಣಿವೆಗೆ ಇಳಿದವು. ಕೆಲವೇ ವರ್ಷಗಳಲ್ಲಿ ತೆರೆದ ಬೆಟ್ಟಗಳ ಮೇಲಿನ ಜಿಂಕೆಗಳ ಸಂಖ್ಯೆ ಕುಸಿಯಿತು. ಅದಕ್ಕೆ ತೆತ್ತ ಬೆಲೆಯೂ ಇತ್ತು. ಕಿರಿದಾದ ಕಣಿವೆಗಳಲ್ಲಿ ಹೆಲಿಕಾಪ್ಟರುಗಳು ಬಿದ್ದು ಅನೇಕ ಪೈಲಟ್‌ಗಳು, ಬೇಟೆಗಾರರು ಸತ್ತರು.

ಸ್ಕಾಟ್ಲೆಂಡಿನಲ್ಲಿ ಈ ಲೆಕ್ಕ ಇನ್ನೂ ಕೂಡಿಬಂದಿಲ್ಲ. ದೂರದ ಬೆಟ್ಟದಿಂದ ಒಂದು ಹೆಣ್ಣು ಜಿಂಕೆಯನ್ನು ಇಳಿಸಲು ತಗಲುವ ಕೂಲಿ, ಗಾಡಿ, ಇಂಧನದ ಖರ್ಚಿಗೆ ಮಾಂಸದ ಬೆಲೆ ಸಾಲುವುದಿಲ್ಲ. ಆದ್ದರಿಂದ ಕೆಲವರು ತೀರಾ ದುರ್ಗಮ ಜಾಗದಲ್ಲಿ ಹೊಡೆದದ್ದನ್ನು ಅಲ್ಲೇ ಬಿಡುತ್ತಾರೆ. ಹದ್ದುಗಳಿಗೆ ಆಹಾರವಾಗುತ್ತದೆ, ಬಡಕಲು ಮಣ್ಣಿಗೆ ಸಾರ ಸೇರುತ್ತದೆ ಎಂಬುದು ಅವರ ವಾದ. ಹಳೆಯ ಸ್ಟಾಕರ್‌ಗಳಿಗೆ ಇದು ಸಹಿಸಲಾಗದ ಮಾತು. ಕೊಂದ ಮೇಲೆ ಮನೆಗೆ ತರುವುದು ಕೊಂದವನ ಋಣ ಎಂದು ಕಲಿತವರು ಅವರು. ಊಟವಾಗಬೇಕಾದ ಪ್ರಾಣಿಯನ್ನು ಕಸದಂತೆ ಬಿಟ್ಟು ಬಂದರೆ ಕೊಂದದ್ದಕ್ಕೇ ಅರ್ಥವಿಲ್ಲ ಎನ್ನುತ್ತಾರೆ. ಎರಡೂ ವಾದಗಳಲ್ಲಿ ಹುರುಳಿದೆ. ಆದರೆ ನನಗೆ ಹಳಬರ ಮಾತೇ ಹೆಚ್ಚು ಸರಿ ಎನಿಸುತ್ತದೆ. ಹೊರಬೇಕು ಎಂಬ ನಿಯಮವಿದ್ದಾಗ ಗುಂಡು ಹಾರಿಸುವ ಮೊದಲು ಮನುಷ್ಯ ಎರಡು ಸಲ ಯೋಚಿಸುತ್ತಾನೆ. ಎಷ್ಟು ಹೊರಬಲ್ಲನೋ ಅಷ್ಟೇ ಹೊಡೆಯುತ್ತಾನೆ.

ಲಿಂಕ್ಸ್ ಬೆಕ್ಕನ್ನು ಮತ್ತೆ ತರೋಣ ಎಂಬ ಚರ್ಚೆಯೂ ಅಲ್ಲಿ ಬಿಸಿಯಾಗಿದೆ. 2025ರ ಜನವರಿಯಲ್ಲಿ ಯಾರೋ ಕಾನೂನು ಮೀರಿ ನಾಲ್ಕು ಲಿಂಕ್ಸ್‌ಗಳನ್ನು ಹೈಲ್ಯಾಂಡ್ಸ್‌ನಲ್ಲಿ ಬಿಟ್ಟರು. ಅವನ್ನು ಹಿಡಿದರು, ಒಂದು ಸತ್ತಿತು. ಅದು ಬಂದರೂ ಹೆಚ್ಚಾಗಿ ತಿನ್ನುವುದು ಕಾಡಂಚಿನ ಚಿಕ್ಕ ರೋ ಜಿಂಕೆಯನ್ನು. ಬೋಳು ಬೆಟ್ಟದ ಮೇಲಿನ ದೊಡ್ಡ ಗಂಡಿಗೆ ಹಗ್ಗ ಕಟ್ಟುವವನ ಕೆಲಸ ಹಾಗೇ ಉಳಿಯುತ್ತದೆ.

ನಮ್ಮ ಬಂಡೀಪುರ, ನಾಗರಹೊಳೆಗಳಲ್ಲಿ ಇದೇ ಕೆಲಸವನ್ನು ಹುಲಿ, ಚಿರತೆ, ಕಾಡುನಾಯಿಗಳು ದಿನವೂ ಮಾಡುತ್ತವೆ. ಅವು ಉಳಿಸಿದ್ದನ್ನು ಕಾಡುಹಂದಿ, ರಣಹದ್ದು, ಇರುವೆಗಳು ಮುಗಿಸುತ್ತವೆ. ಸಂಬಳವಿಲ್ಲ, ಹಗ್ಗವಿಲ್ಲ, ಚೀಟಿ ಕಟ್ಟುವ ಗೋಜಿಲ್ಲ. ಹುಲಿಗೆ ಮೀಸಲಿಟ್ಟ ಹಣವೆಲ್ಲ ದಂಡ ಎಂದು ವಾದಿಸುವವರು ಸಿಕ್ಕಾಗ ಅವರಿಗೆ ಹೈಲ್ಯಾಂಡ್ಸ್‌ನ ಸ್ಟಾಕರ್‌ನ ಬಗ್ಗೆ ಹೇಳಬಹುದು. ಮುನ್ನೂರು ವರ್ಷಗಳ ಹಿಂದೆ ಅವನ ಹಿರಿಯರು ಕೊನೆಯ ತೋಳವನ್ನು ಕೊಂದರು. ಈ ಡಿಸೆಂಬರಿನಲ್ಲೂ ಅವನು ಮಂಜು ಸುರಿಯುವ ಮುಸ್ಸಂಜೆಯಲ್ಲಿ, ಸೊಂಟಕ್ಕೆ ಹಗ್ಗ ಬಿಗಿದು, ತೋಳದ ಪಾಲಿನ ಕೆಲಸ ಮಾಡುತ್ತಿದ್ದಾನೆ.